ಕಿಟಕಿಯ ಬಿಳುಪು

ವಿಡಿಯೋಗಳ ಬಣ್ಣ ತಿದ್ದುವ ನಮ್ಮ ಸೋದರಮಾವನ ಕೋಣೆಯಲ್ಲಿ ಗೋಡೆ, ಪರದೆ, ಕುರ್ಚಿ ಎಲ್ಲವೂ ಬೂದು ಬಣ್ಣದವು. ಕಣ್ಣು ಮೋಸಹೋಗಬಾರದೆಂದು ಅಂಗಿಯೂ ಬೂದು. ಕೆಂಪು ಶಾಲು ಹೊದ್ದು ಟೀ ತಂದ ಅತ್ತೆಯನ್ನು ಬಾಗಿಲಲ್ಲೇ ತಡೆಯುತ್ತಾರೆ. "ನಾಳೆಯಿಂದ ಮೈಗೆಲ್ಲ ಬೂದಿ ಬಳ್ಕೊಂಡೇ ಬರ್ತೀನಿ ಬಿಡಿ" ಎಂದು ಅತ್ತೆ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಾರೆ. ಹೊಸ ಟಿವಿಗಳಿಗೆಂದು ಹೆಚ್ಚು ಬೆಳಕು ತೋರಿಸುವ ಎಚ್‌ಡಿಆರ್ ಪ್ರತಿಯಲ್ಲಿ ದೀಪದ ಬೆಳಕು ಚೂರು ಏರಿದರೂ ಮಾವನಿಗೆ ಸಮಾಧಾನವಿಲ್ಲ: "ಜನ ಮುಖ ನೋಡ್ಬೇಕಪ್ಪ, ಬಲ್ಬನ್ನಲ್ಲ." ಅದು ಸರಿಹೋದ ಮೇಲೆಯೇ ಹಳೆಯ ಟಿವಿಗಳಿಗೆ ಬೆಳಕು ತಗ್ಗಿಸಿದ ಇನ್ನೊಂದು ಪ್ರತಿ ತೆಗೆಯುತ್ತಾರೆ. ಯಾವ ಎಡಿಟರ್ ಫೋನ್ ಮಾಡಿದರೂ ಮೊದಲು ಕೇಳುವುದು ಒಂದೇ: "ಒರಿಜಿನಲ್ ಇದೆ ತಾನೆ?" ಅಳತೆ ಬರೆದುಕೊಂಡ ದರ್ಜಿಯನ್ನೂ ಹಾಗೇ ಕೇಳಿದ್ದರಂತೆ. ನಾವೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು. ನಾನು ನಗಬಾರದಿತ್ತು. ಹಿಂದೊಮ್ಮೆ ನನ್ನ ಮಗಳ ಮೊದಲ ಹೆಜ್ಜೆಗಳ ವಿಡಿಯೋವನ್ನು ಮಾವ ಹಳೆಯ ಟಿವಿಗೆಂದು ಸಿದ್ಧಮಾಡಿ, ಡಿಸ್ಕಿನಲ್ಲಿ ಜಾಗ ಸಾಲದೆಂದು ಒರಿಜಿನಲ್ ಅಳಿಸಿಬಿಟ್ಟಿದ್ದರು. ಮಗುವಿನ ಮುಖ ಚೆನ್ನಾಗಿ ಕಾಣಲೆಂದು ಬೆಳಕು ಏರಿಸಿದ್ದರಿಂದ ಹಿಂದಿನ ಕಿಟಕಿ ಪೂರ್ತಿ ಬೆಳ್ಳಗಾಗಿತ್ತು. ಆ ಕಿಟಕಿಯಾಚೆ ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದವಳು ನಮ್ಮಜ್ಜಿ, ಮಾವನ ಅಮ್ಮ. ಅವಳು ತೀರಿಕೊಂಡ ಮೇಲೆ ಹುಡುಕಿದರೆ ಅವಳಿದ್ದ ಬೇರೆ ವಿಡಿಯೋ ಒಂದೂ ಸಿಗಲಿಲ್ಲ. ಈಗಲೂ ಪ್ರತಿ ಭಾನುವಾರ ಮಾವ ಆ ಹೆಜ್ಜೆಗಳ ವಿಡಿಯೋವನ್ನೇ ತೆರೆದು, ಕಿಟಕಿಯ ಬೆಳಕನ್ನು ನಿಧಾನವಾಗಿ ಇಳಿಸುತ್ತಾರೆ. ಬಿಳುಪು ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ, ಯಾರೂ ಕಾಣುವುದಿಲ್ಲ. ಮಗು ಮಾತ್ರ ಚಪ್ಪಾಳೆ ಕೇಳಿ ಹಿಂತಿರುಗಿ, ಆ ಕಿಟಕಿಯತ್ತ ನೋಡಿ ನಗುತ್ತದೆ.