ಗುಮ್ಮಟದ ಕೆಳಗೆ ಕಲ್ಯಾಣಮ್ಮ

ಹಗರಿಬೊಮ್ಮನಹಳ್ಳಿಯ ಸಿಮೆಂಟ್ ವ್ಯಾಪಾರಿ ಗವಿಸಿದ್ದೇಶ್ ಹೆಂಡತಿ ಕಲ್ಯಾಣಮ್ಮನನ್ನು ಇಟಲಿ ಪ್ರವಾಸಕ್ಕೆ ಕರೆದೊಯ್ದಿದ್ದ. ವೆನಿಸ್, ಫ್ಲಾರೆನ್ಸ್‌ಗಳನ್ನು ಅವನು ಫೋನಿನಲ್ಲೇ ನೋಡಿ ಮುಗಿಸಿದ. ಯಾವ ಫೋಟೋ ತೆಗೆದರೂ ಗೋಪುರಕ್ಕಿಂತ ಅವನ ಮುಖವೇ ದೊಡ್ಡದು. ರೋಮಿನ ಹಳೆಯ ಚರ್ಚಿನ ಚಿತ್ತಾರದ ಗುಮ್ಮಟವನ್ನಾದರೂ ಕಣ್ತುಂಬ ನೋಡಬೇಕೆಂದು ಕಲ್ಯಾಣಮ್ಮ ಆಸೆಪಟ್ಟಿದ್ದಳು. ಒಳಗೆ ಕಾಲಿಟ್ಟು ತಲೆಯೆತ್ತುವಷ್ಟರಲ್ಲೇ ಗಂಡ ಅವಸರಪಡಿಸಿದ.

"ಫೋಟೋ ಆದ್ವು, ನಡಿ. ಬಸ್ ಹೊಂಟೈತಿ."

ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು, ಊರ ಗುಡಿಯಲ್ಲಿ ಕೂರುವಂತೆಯೇ ಕಂಬಕ್ಕೊರಗಿ ನೆಲದ ಮೇಲೆ ಕುಳಿತುಬಿಟ್ಟಳು.

"ಲೇ, ಏಳು! ಮಂದಿ ನಗ್ತಾರ."

"ನಗ್ಲಿ ಬಿಡ್ರಿ. ಗುಡಿಗಿ ಬಂದು ಒಂದೀಟು ಕುಂದ್ರದ ಹೋದ್ರ ಬಂದಂಗಲ್ಲ. ನೀವು ಹೋಗ್ರಿ, ಆ ಬಸ್ಸಿಗೂ ನಿಮ್ಮ ಮಾರಿ ತೋರಿಸ್ರಿ."

ಗವಿಸಿದ್ದೇಶ್ ಒಮ್ಮೆ ಬಾಗಿಲತ್ತ, ಒಮ್ಮೆ ಹೆಂಡತಿಯತ್ತ ನೋಡಿದ. ಕಲ್ಯಾಣಮ್ಮ ಗುಮ್ಮಟವನ್ನಷ್ಟೇ ನೋಡುತ್ತಿದ್ದಳು.