ಒಳಗೇ ಸವೆದ ಟೈರು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಮದುಮಗ ಎಂದೇ ಕರೆಯುತ್ತಿದ್ದರು. ಕಾರನ್ನು ಅಷ್ಟು ಸಿಂಗರಿಸುತ್ತಿದ್ದ. ಬೆಳಗಾಗೆದ್ದು ಬಕೆಟ್ಟು, ಬಟ್ಟೆ ಹಿಡಿದನೆಂದರೆ ಟೈರುಗಳಿಗೂ ಕಪ್ಪು ಪಾಲಿಶ್ ಬಳಿದು ಮಿಂಚಿಸಿದ ಮೇಲೆಯೇ ತಿಂಡಿ. ಈಚೆಗೆ ಕಾರು ಎಡಕ್ಕೆ ಎಳೆಯುತ್ತಿತ್ತು. ಸ್ಟೀರಿಂಗನ್ನು ಚೂರು ಬಲಕ್ಕೆ ಬಿಗಿಹಿಡಿದು ಓಡಿಸಿ ಓಡಿಸಿ, ಅದೂ ಕೈಗೆ ರೂಢಿಯಾಗಿಬಿಟ್ಟಿತ್ತು.

ಆ ದಿನ ಹಿಂದಿನ ಸೀಟಿನಲ್ಲಿ, ಅವನು ವಾರವಾರ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಟೀಚರಮ್ಮ ಕೂತಿದ್ದರು. ಡಯಾಲಿಸಿಸ್ ಮೇಲೆ ಬದುಕಿದ್ದ ಜೀವ. ಜ್ವರ ಬಂದು ಹಿಂದಿನ ಸರದಿ ತಪ್ಪಿತ್ತು; ಮುಖ ಊದಿಕೊಂಡು, ಮಾತಿಗೊಮ್ಮೆ ಏದುಸಿರು ಬರುತ್ತಿತ್ತು. ಇವತ್ತೂ ತಪ್ಪಿದರೆ ಕಷ್ಟ ಎಂದು ಆಸ್ಪತ್ರೆಯವರು ಹೇಳಿದ್ದರು. ಇನ್ನೇನು ಹೆದ್ದಾರಿ ಹತ್ತಬೇಕು, ಸ್ಟೀರಿಂಗ್ ಗಡಗಡ ನಡುಗಿತು. ತಿರುವಿನಲ್ಲೇ ಹೆಂಡತಿಯ ತಮ್ಮನ ಟೈರ್ ಅಂಗಡಿ. ಕಾರನ್ನು ಅಲ್ಲಿಗೇ ತಿರುಗಿಸಿದ.

ಭಾಮೈದ ಕಾರಿನಡಿ ಅಂಗಾತ ಮಲಗಿ, ಟಾರ್ಚ್ ಬಿಟ್ಟು ನೋಡಿದ.

"ಭಾವ, ಇಲ್ಲಿ ಬಗ್ಗಿ."

"ಬಗ್ಗಿ ನೋಡೋದೇನಿದೆ? ದಿನಾ ಒರೆಸ್ತೀನಿ. ಗ್ರಿಪ್ ಚೆನ್ನಾಗೇ ಇದೆ."

"ನೀವು ಒರೆಸೋದು ಮುಖ. ಬೆನ್ನು ನೋಡಿ."

ಅವನು ಬಗ್ಗಿದ. ಒಳಗಡೆಯ ಅಂಚು ಬೋಳಾಗಿ, ರಬ್ಬರ್ ಹರಿದು ತಂತಿ ಇಣುಕುತ್ತಿತ್ತು. ಆಚೆ ಚಕ್ರದ್ದೂ ಅದೇ ಗತಿ.

"ಚಕ್ರ ಹಿಡಿದಿಡೋ ರಬ್ಬರ್ ಬುಷ್ ಸವೆದು ಚಕ್ರ ಸೊಟ್ಟ ನಿಂತಿದೆ. ಅದಕ್ಕೇ ಒಳಗೊಳಗೇ ತಿಂದಿದೆ. ಒಂದು ಕಡೆ ಸ್ಟೆಪ್ನಿ ಹಾಕಬಹುದು. ಇನ್ನೊಂದಕ್ಕೆ ಹೊಸದು ಹಾಕಿದ್ರೂ, ಬುಷ್ ಬದಲಿಸದೆ ಹೆದ್ದಾರಿ ಹತ್ತೋ ಹಾಗಿಲ್ಲ. ಸಂಜೆವರೆಗೂ ಕೆಲಸ ಇದೆ."

ಆಂಬುಲೆನ್ಸಿಗೆ ಫೋನ್ ಮಾಡಿದರೆ, ಬೇರೆ ಕಡೆ ಹೋಗಿದೆ, ಕಾಯಿರಿ ಎಂದರು. ಕಾರಿನೊಳಗಿನಿಂದ ಟೀಚರಮ್ಮ ಕೂಗಿದರು. "ಏನೂ ಆಗಲ್ಲ ಕಣಪ್ಪ... ಮೆಲ್ಲಗೆ ಹೋಗೋಣ, ನಡಿ."

ಅವನು ಹೋಗಿ ಕೂತ. ಕೀಲಿಯನ್ನೂ ತಿರುಗಿಸಿದ. ಕನ್ನಡಿಯಲ್ಲಿ ಕಂಡಿದ್ದು, ಅವನು ಹೊರಟೇಬಿಡುತ್ತಾನೆಂದು ಕಣ್ಣುಮುಚ್ಚಿ ಹಿಂದಕ್ಕೆ ಒರಗಿದ ಆ ಮುಖ. ಎಂಜಿನ್ ಆರಿಸಿದ.

ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಉಳಿದಿದ್ದವನು, ಗಾಡಿ ಹಾರಿಸುತ್ತಾನೆಂದು ಎಲ್ಲರೂ ರಾಕೆಟ್ ಎನ್ನುತ್ತಿದ್ದ ಡ್ರೈವರ್ ಒಬ್ಬನೇ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ದಿನವಾಗಿತ್ತು. ಆದರೂ ಅವನಿಗೇ ಫೋನ್ ಮಾಡಿದ.

"ಏನ್ ಮದುಮಗ, ದಾರಿ ತಪ್ಪಿ ಫೋನ್ ಮಾಡಿದ್ಯಾ? ನನ್ನ ಗಾಡಿ ಹತ್ತೋರು ವಿಮೆ ಮಾಡಿಸ್ಕೊಂಡು ಹತ್ತಬೇಕು ಅಂತ ನೀನೇ ಅಂದಿದ್ಯಲ್ಲ?"

"ಅಂದಿದ್ದೆ. ಬೈಯೋದನ್ನ ಆಮೇಲೆ ಬೈ. ಟೀಚರಮ್ಮಂಗೆ ಉಸಿರು ಕಟ್ತಿದೆ, ನನ್ನ ಟೈರ್ ಹೋಗಿದೆ. ಬೇಗ ಬಾರೋ."

ಆ ಕಡೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು.

ರಾಕೆಟ್ ಬಂದಾಗ ಇಬ್ಬರೂ ಸೇರಿ ಟೀಚರಮ್ಮನನ್ನು ಎತ್ತಿ ಅವನ ಕಾರಿನಲ್ಲಿ ಕೂರಿಸಿದರು. ಬೆನ್ನಿಗೆ ದಿಂಬು ಕೊಡುತ್ತ ಮದುಮಗ ಒಂದೇ ಸಮ ಹೇಳುತ್ತಿದ್ದ. "ಎಡಗೈ ಮುಟ್ಟಬೇಡ, ಸೂಜಿ ಚುಚ್ಚೋ ಕೈ ಅದು. ಮಲಗಿಸಬೇಡ, ಉಸಿರಾಡಕ್ಕಾಗಲ್ಲ. ಹಿಂದಿನ ಗೇಟಿಗೆ ಹೋಗು, ಮೆಟ್ಟಿಲಿಲ್ಲ."

"ಸಾಕು ಮಾರಾಯ, ಬಿಡು," ಎಂದು ರಾಕೆಟ್ ಹೊರಟೇಹೋದ.

ಭಾಮೈದ ಚಕ್ರ ಬಿಚ್ಚಿ ಏನೇನೋ ಕೇಳಿದ. ಯಾವ ಕಂಪನಿಯದು ಹಾಕಲಿ, ಅಲೈನ್‌ಮೆಂಟೂ ಮಾಡಿಸಲಾ. ಅವನ ಕಿವಿಗೆ ಒಂದೂ ಬೀಳಲಿಲ್ಲ. ಹೆದ್ದಾರಿಯನ್ನೇ ನೋಡುತ್ತ, ಫೋನನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಕೊನೆಗೆ ಅದು ಬಡಿದುಕೊಂಡಿತು.

"ಮಷಿನ್ ಹಾಕಿದ್ರು. ಮದುಮಗನ ಟೈರ್ ಮದುವೆ ಮುಗೀತಾ ಅಂತ ಟೀಚರಮ್ಮ ಕೇಳ್ತಿದಾರೆ," ಎಂದ ರಾಕೆಟ್.

ಅವನು ಬಿಚ್ಚಿಟ್ಟ ಟೈರಿನ ಮೇಲೆ ಕುಸಿದು ಕೂತ. ಪ್ಯಾಂಟಿಗೆ ಮಸಿ ಹತ್ತಿದ್ದೂ ತಿಳಿಯಲಿಲ್ಲ.

"ಈಗ ಹೇಳು," ಭಾಮೈದನ ಕಡೆ ತಿರುಗಿ ಎಂದ, "ಏನೋ ಕೇಳ್ತಿದ್ಯಲ್ಲ."