ಒಂದೇ ಮಟ್ಟದ ಸದ್ದು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳನ್ನು ಮಾರಿದ ಮೇಲೆ ಅವು ಇದ್ದ ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ಎರಡು ಒಳ್ಳೆಯ ಸ್ಪೀಕರ್ ಇಟ್ಟು, ಅಪ್ಪನಿಗೆ ಅವರ ಕಾಲದ ಹಾಡುಗಳನ್ನು ಸರಿಯಾಗಿ ಕೇಳಿಸಬೇಕೆಂದು ಹೊರಟೆ. ಬರಿಗೋಡೆ, ಕಡಪಾ ಕಲ್ಲಿನ ನೆಲ. ಹಾಡಿನಲ್ಲಿ ತಬಲಾ ಬಂದರೆ ಮೂಲೆಮೂಲೆಯೂ ಗುಂಯ್ ಎನ್ನುತ್ತಿತ್ತು. ಮೈಕ್ ಇಟ್ಟು ಕೋಣೆಯ ಸದ್ದನ್ನು ಅಳೆದು, ಆ ಗುಂಯ್‌ಗುಡುವುದನ್ನು ತಗ್ಗಿಸುವ ಫಿಲ್ಟರನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಎಷ್ಟೋ ಭಾನುವಾರಗಳು ಅದಕ್ಕೇ ಹೋದವು. ಗೋಡೆಯ ಜ್ವರ ನೋಡುವ ಡಾಕ್ಟರು ಎಂದು ಹೆಂಡತಿ ಆಡಿಕೊಂಡಳು.

ಫಿಲ್ಟರ್ ತಿದ್ದಿದಾಗಲೆಲ್ಲ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಒಂದೇ ಹಾಡನ್ನು ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಕೇಳಿಸುತ್ತಿದ್ದೆ. ಯಾವುದು ಯಾವುದೆಂದು ಹೇಳುತ್ತಿರಲಿಲ್ಲ. ಅವರು ತಪ್ಪದೆ ಫಿಲ್ಟರ್ ಹಾಕಿದ್ದನ್ನೇ ಆರಿಸುತ್ತಿದ್ದರು. ಹೊಗಳುವುದರಲ್ಲಿ ಮಹಾ ಜಿಪುಣ ಮನುಷ್ಯ. ಅವರ ಬಾಯಲ್ಲಿ ‘ಚೆನ್ನಾಗೈತೆ’ ಕೇಳಿ ನಾನು ಉಬ್ಬಿಹೋದೆ.

ಆಮೇಲೆ ನನ್ನ ಎಡವಟ್ಟು ಗೊತ್ತಾಯಿತು. ಫಿಲ್ಟರ್ ಹಾಕಿದರೆ ಒಟ್ಟು ಸದ್ದು ಸ್ವಲ್ಪ ಇಳಿಯುತ್ತದೆ. ಅದನ್ನು ಸರಿದೂಗಿಸಲು ವಾಲ್ಯೂಮ್ ಏರಿಸಿದ್ದೆ. ಅದೂ ಅಂದಾಜಿನ ಮೇಲೆ, ಧಾರಾಳವಾಗಿ. ಜೋರಾಗಿರುವುದು ಯಾರ ಕಿವಿಗೂ ಚೆನ್ನಾಗಿಯೇ ಕೇಳುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತರದೆ ಹೋಲಿಸುವುದು ಮೋಸ. ಮುಂದಿನ ಭಾನುವಾರ ಸದ್ದು ಅಳೆಯುವ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿ ಅಪ್ಪನನ್ನು ಕರೆದೆ.

ಎರಡು ಸಲವೂ ಹಾಡು ಮುಗಿಯಿತು. ಅಪ್ಪ ಈ ಸಲ ಯಾವುದನ್ನೂ ಆರಿಸದೆ ನನ್ನ ಮುಖ ನೋಡಿದರು. ಎರಡನೆಯದರಲ್ಲಿ ಕೊಳಲು ಸ್ಪಷ್ಟವಾಗಿ ಕೇಳಲಿಲ್ಲವೇ ಎಂದೆ.

“ಕೊಳಲಾ? ಅದ್ರಲ್ಲಿ ಕೊಳಲು ಎಲ್ಲೈತೆ?”

ಆ ಹಾಡು ಶುರುವಾಗುವುದೇ ಕೊಳಲಿನಿಂದ. ನಾನು ಚಿಕ್ಕವನಿದ್ದಾಗ ಅದನ್ನು ಅವರೇ ಸಿಳ್ಳೆಯಲ್ಲಿ ನುಡಿಸುತ್ತಿದ್ದರು. ಅಪ್ಪ ಮೂವತ್ತು ವರ್ಷ ಮಗ್ಗದ ಸದ್ದಿನಲ್ಲೇ ದುಡಿದವರು. ಆ ಅಭ್ಯಾಸದಲ್ಲಿ ನಾವೆಲ್ಲ ಇವತ್ತಿಗೂ ಕೂಗಿಯೇ ಮಾತಾಡುತ್ತೇವೆ. ಅವರ ಕಿವಿ ಮಂದವಾದದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

“ಯಾವ್ದು ಜೋರಾಗಿ ಕೇಳ್ಸುತ್ತೋ ಅದನ್ನ ಚೆನ್ನಾಗೈತೆ ಅಂತಿದ್ದೆ ಕಣಪ್ಪಾ. ನೀನು ಅಷ್ಟು ಕಷ್ಟ ಬೀಳ್ತಿದ್ದೆ,” ಎಂದರು.

ನಾನು ಕಂಪ್ಯೂಟರ್ ಮುಚ್ಚಿ ಪಕ್ಕದಲ್ಲಿ ಕೂತೆ. ಅವರು ಬಾಗಿಲಾಚೆ ಆಡುತ್ತಿದ್ದ ನನ್ನ ಮೂರು ವರ್ಷದ ಮಗಳ ಕಡೆ ನೋಡಿದರು.

“ಪಾಪು ದನಿ ಹೆಂಗೈತೆ ಅಂತ ನಂಗೆ ಇನ್ನೂ ಗೊತ್ತಿಲ್ಲ. ತುಟಿ ನೋಡ್ಕಂಡು ನಗ್ತೀನಿ, ಅಷ್ಟೇ.”